ಮಣ್ಣಿನ ಹದ

ಶಿವಾರಪಟ್ಟಣದ ನಮಗೆ ಕಲ್ಲು ಗೊತ್ತು. ನಮ್ಮ ತಾಲ್ಲೂಕಿನ ಮಾಲೂರು ಹೆಂಚಿಗೆ ಹೆಸರಾದ ಊರು.

ಹೆಂಚಿಗೆ ಮಣ್ಣಿನ ಹದ ಬೇಕು. ಜಿಗುಟು ಹೆಚ್ಚಾದರೆ ಒಣಗುವಾಗ ಬಿರಿಯುತ್ತೆ. ಮರಳು ಹೆಚ್ಚಾದರೆ ಪುಡಿಯಾಗುತ್ತೆ. ಸೌದೆಯೂ ದಂಡ, ಕೂಲಿಯೂ ದಂಡ.

ಪಿಂಗಾಣಿಗೂ ಹೀಗೇ. ಒಂದೊಂದು ಹದವನ್ನೂ ಸುಟ್ಟು ನೋಡಬೇಕು. ಎಷ್ಟು ದಿನ ಬೇಕು!

ಕಾಗದದ ಮೇಲೆ ಶಾಯಿ ಹನಿಸಿ ಅಕ್ಷರ ಮೂಡಿಸುವ ಯಂತ್ರ ಇದೆ. ಅದರ ಹೆಸರು ಇಂಕ್‌ಜೆಟ್. ವಿಜ್ಞಾನಿಗಳು ಅದಕ್ಕೆ ಶಾಯಿಯ ಬದಲು ನುಣ್ಣನೆ ಪುಡಿ ಕಲಸಿದ ನೀರು ತುಂಬಿದರು. ಒಂದು ಚುಕ್ಕೆಗೆ ಈ ಪುಡಿಯ 9 ಹನಿ, ಆ ಪುಡಿಯ 1 ಹನಿ. ಪಕ್ಕದ ಚುಕ್ಕೆಗೆ 8 ಹನಿ, 2 ಹನಿ. ನಾವು ರಂಗೋಲಿ ಚುಕ್ಕೆ ಇಟ್ಟ ಹಾಗೆ. ಎಲ್ಲಾ ಒಟ್ಟಿಗೆ ಸುಟ್ಟು, ಯಾವ ಹದ ಒಳ್ಳೇದು ಅಂತ ನೋಡುತ್ತಾರೆ.

ಇದು ಹೆಂಚಿಗಲ್ಲ. ಮೊಬೈಲ್ ಫೋನಿನ ಒಳಗೆ ಸಾಸಿವೆಗಿಂತ ಸಣ್ಣ ಪಿಂಗಾಣಿ ಚೂರುಗಳಿವೆ. ಅಂಥವಕ್ಕೆ.