ಮಲೆನಾಡಿನ ಶಿಶುಗಳಿಗೆ ನ್ಯುಮೋಕಾಕಲ್ ಲಸಿಕೆ

ಪೀಠಿಕೆ: ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೇ (ನ್ಯುಮೋಕಾಕಸ್) ಎಂಬ ಬ್ಯಾಕ್ಟೀರಿಯಾವು ಎಳೆಯ ಮಕ್ಕಳಲ್ಲಿ ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ಮತ್ತು ರಕ್ತದ ಸೋಂಕುಗಳನ್ನು ಉಂಟುಮಾಡಿ ಪ್ರಾಣಾಪಹಾರಿಯಾಗಬಲ್ಲುದಾದುದರಿಂದ, 2017ರ ಮೇ ತಿಂಗಳಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾದ ಪಿಸಿವಿ (ನ್ಯುಮೋಕಾಕಲ್ ಕಾಂಜುಗೇಟ್) ಲಸಿಕೆಯನ್ನು ಭಾರತ ಸರ್ಕಾರವು 2021ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ದೇಶಾದ್ಯಂತ ವಿಸ್ತರಿಸಿತು.

ವೇಳಾಪಟ್ಟಿ: 6 ವಾರ ಮತ್ತು 14 ವಾರಗಳಿಗೆ ಒಂದೊಂದು ಡೋಸು, 9 ತಿಂಗಳಿಗೆ ವರ್ಧಕ ಡೋಸು. ಪ್ರಮಾಣ 0.5 ಮಿ.ಲೀ.; ತೊಡೆಯ ಸ್ನಾಯುವಿಗೆ; ಉಚಿತ.

ಸ್ಥಳೀಯ ಸಂದರ್ಭ: ಮಳೆ ಧಾರಾಕಾರವಾಗಿ ಸುರಿಯುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ತೋಟಗಳ ನಡುವೆ ಚದುರಿರುವುದರಿಂದ, ಮಂಜುಗಡ್ಡೆಯ ಪೊಟ್ಟಣಗಳ ನಡುವೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಪಾಡಿದ ಲಸಿಕೆಯನ್ನು ಅಂಗನವಾಡಿಯವರೆಗೆ ಹೊತ್ತು ತಂದು, ತಾಯಿಯ ಮಡಿಲಲ್ಲಿನ ಕೂಸಿಗೆ ಚುಚ್ಚಿ, ತಾಯಿ ಕಾರ್ಡಿನಲ್ಲಿ ದಿನಾಂಕವನ್ನು ಬರೆದುಕೊಡುವ ಆರೋಗ್ಯ ಸಹಾಯಕಿಯ ಸೇವೆಯು ನಿಜಕ್ಕೂ ವಂದನೀಯವಾದುದು.

ವ್ಯತ್ಯಾಸ ಗಮನಿಸಿ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, 2018–19ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಜನರನ್ನು ಕಂಗೆಡಿಸಿದ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುವ ವೈರಾಣುರೋಗ, ನ್ಯುಮೋಕಾಕಲ್ ರೋಗವಾದರೋ ಕೆಮ್ಮು, ಸೀನುಗಳ ಹನಿಗಳಿಂದ ಹರಡುವ ಬ್ಯಾಕ್ಟೀರಿಯಾರೋಗ. ಆದುದರಿಂದ ಪಿಸಿವಿಯು ಮಂಗನ ಕಾಯಿಲೆಗೆ ರಕ್ಷೆಯಾಗದು.

ನೆನಪಿಡಿ: ನ್ಯುಮೋಸಿಲ್ ಎಂಬುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ರೂಪಿಸಿದ, 10 ಬಗೆಯ ನ್ಯುಮೋಕಾಕಸ್‌ಗಳ ವಿರುದ್ಧದ ಸ್ವದೇಶೀ ಪಿಸಿವಿ ಲಸಿಕೆ.