ಒಂದು ರಕಾರದ ಮಾನಾಪಮಾನ

ಉತ್ತರ ತಿಳಿದಿದ್ದರೂ ತರಗತಿಯಲ್ಲಿ ಎದ್ದು ಹೇಳಲು ಹಿಂಜರಿಯುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಕಾರಣ ಕೇಳಿದರೆ, “ನನ್ನ ಇಂಗ್ಲಿಷ್ ಉಚ್ಚಾರಣೆ ಚೆನ್ನಾಗಿಲ್ಲ, ಸಾರ್” ಎನ್ನುತ್ತಾರೆ. ಪರಭಾಷೆಯನ್ನು ಕಲಿತವರಿಗೆ ಈ ಸಂಕೋಚ ಸಹಜವೆಂದು ತೋರಬಹುದು. ಆದರೆ ಇಂಗ್ಲಿಷನ್ನು ತಾಯಿಯ ಮಡಿಲಿನಲ್ಲಿಯೇ ಕಲಿತ ಅನೇಕರೂ ತಮ್ಮ ಊರಿನ ಉಚ್ಚಾರಣೆಗಾಗಿ ನಾಚುತ್ತಾರೆಂದರೆ ಓದುಗರಿಗೆ ಆಶ್ಚರ್ಯವಾದೀತು. ಈ ನಾಚಿಕೆಗೆ ಧ್ವನಿಯಲ್ಲಿಯೇ ಏನಾದರೂ ಕಾರಣವುಂಟೆ? ರಕಾರವೊಂದನ್ನೇ ತೆಗೆದುಕೊಂಡು ಪರೀಕ್ಷಿಸೋಣ.

ಧ್ವನಿತಂತುಗಳಿಂದ ತುಟಿಗಳವರೆಗಿನ ಮಾರ್ಗವನ್ನು ಒಂದು ತುದಿ ಮುಚ್ಚಿ, ಇನ್ನೊಂದು ತುದಿ ತೆರೆದಿರುವ ಕೊಳವೆಯೆಂದು ಭಾವಿಸಬಹುದು. ವಯಸ್ಕ ಪುರುಷನಲ್ಲಿ ಇದರ ಉದ್ದ ಸುಮಾರು 17 ಸೆಂಟಿಮೀಟರ್. ಕೊಳವೆಯ ಉದ್ದವು ಅಲೆಯುದ್ದದ ಕಾಲುಭಾಗಕ್ಕೆ ಸಮನಾದಾಗ ಮೊದಲನೆಯ ಅನುರಣನೆ ಉಂಟಾಗುತ್ತದೆ. ಶಬ್ದದ ವೇಗವನ್ನು ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ, ಇದು ಸೆಕೆಂಡಿಗೆ 500 ಕಂಪನಗಳಾಗುತ್ತದೆ. ಮುಂದಿನ ಎರಡು 1500 ಮತ್ತು 2500. ನಾಲಗೆ ಚಲಿಸಿದಂತೆ ಕೊಳವೆಯ ಆಕಾರ ಬದಲಾಗಿ ಈ ಸಂಖ್ಯೆಗಳು ಏರಿಳಿಯುತ್ತವೆ. ‘ಆ’ ಎಂದು ನೀಳವಾಗಿ ನುಡಿಯುತ್ತಾ ನಾಲಗೆಯ ತುದಿಯನ್ನು ಮೆಲ್ಲನೆ ಹಿಂದಕ್ಕೆ ಮಡಿಸಿ ನೋಡಿರಿ. ಧ್ವನಿ ಬದಲಾಗುವುದು ನಿಮಗೇ ಕೇಳಿಸುತ್ತದೆ. ಇಂಗ್ಲಿಷಿನ ರಕಾರದಲ್ಲಿ ಮೂರನೆಯ ಅನುರಣನೆಯು ಸಾಮಾನ್ಯವಾಗಿ 2000ಕ್ಕಿಂತ ಕೆಳಗಿಳಿಯುತ್ತದೆ. ‘ಫ್ಲೋರ್’ ಎನ್ನುವವನಿಗೂ ರಕಾರವನ್ನು ನುಂಗಿ ‘ಫ್ಲೋ’ ಎನ್ನುವವನಿಗೂ ಇರುವ ಭೌತಿಕ ಭೇದ ಮುಖ್ಯವಾಗಿ ಇಷ್ಟೇ. ಇದರಲ್ಲಿ ಮೇಲು ಕೀಳುಗಳನ್ನು ಅಳೆಯುವ ಉಪಕರಣ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಆದರೆ ಸಮಾಜವು ಅಳೆಯುತ್ತದೆ. 18ನೆಯ ಶತಮಾನದಲ್ಲಿ ಆಗ್ನೇಯ ಇಂಗ್ಲೆಂಡಿನ ಮಾತಿನಲ್ಲಿ, ಮುಂದೆ ಸ್ವರವಿಲ್ಲದ ಕಡೆಯಲ್ಲಿ ರಕಾರವು ಲೋಪವಾಗತೊಡಗಿತು. ರಾಜಧಾನಿ ಇದ್ದುದು ಅಲ್ಲಿ. ಆದುದರಿಂದ ಲೋಪವೇ ವಿದ್ಯಾವಂತರ ಲಕ್ಷಣವೆನಿಸಿತು. ಡೆವನ್, ಸಾಮರ್‌ಸೆಟ್ ಮೊದಲಾದ ನೈಋತ್ಯ ಪ್ರಾಂತಗಳಲ್ಲಿ ಹಳೆಯ ರಕಾರ ಉಳಿದುಕೊಂಡಿತು. ಅದನ್ನು ನುಡಿದವನನ್ನು ಹಳ್ಳಿಗನೆಂದು ಹಾಸ್ಯಮಾಡುವ ರೂಢಿ ಬೆಳೆಯಿತು.

ಈಗ ಅಟ್ಲಾಂಟಿಕ್ ಸಾಗರವನ್ನು ದಾಟೋಣ. ನ್ಯೂಯಾರ್ಕಿನಲ್ಲಿಯೂ ರಕಾರವನ್ನು ನುಂಗುವ ವಾಡಿಕೆ ಇತ್ತು. ಆದರೆ ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಗೌರವವು ರಕಾರದ ಪಾಲಾಯಿತು. 1962ರಲ್ಲಿ ವಿಲಿಯಂ ಲಬಾವ್ ಎಂಬ ವಿದ್ವಾಂಸರು ಆ ನಗರದ ಮೂರು ದೊಡ್ಡ ಮಳಿಗೆಗಳಿಗೆ ಹೋಗಿ, ನಾಲ್ಕನೆಯ ಅಂತಸ್ತಿನಲ್ಲಿ ದೊರೆಯುವ ವಸ್ತು ಎಲ್ಲಿದೆಯೆಂದು ಕೆಲಸಗಾರರನ್ನು ವಿಚಾರಿಸಿದರು. ‘ಫೋರ್ತ್ ಫ್ಲೋರ್’ ಎಂಬುದೇ ಉತ್ತರ. ಅದರಲ್ಲಿ ಎರಡು ರಕಾರಗಳು! ಸಿರಿವಂತರ ಮಳಿಗೆಯಲ್ಲಿ ನೂರಕ್ಕೆ 62 ಮಂದಿ, ಮಧ್ಯಮವರ್ಗದವರದರಲ್ಲಿ 51 ಮಂದಿ, ಅಗ್ಗದ ಮಳಿಗೆಯಲ್ಲಿ 20 ಮಂದಿ ಮಾತ್ರ ಒಮ್ಮೆಯಾದರೂ ರಕಾರವನ್ನು ನುಡಿದರು. ಕೇಳಿಸದವರಂತೆ ನಟಿಸಿ ಮತ್ತೆ ಕೇಳಿದಾಗ, ಎಚ್ಚರದಿಂದ ನುಡಿದ ಎರಡನೆಯ ಉತ್ತರದ ‘ಫ್ಲೋರ್’ ಪದದಲ್ಲಿ ರಕಾರ ಹೆಚ್ಚಾಯಿತು. ತಮ್ಮ ಸಹಜವಾದ ನುಡಿಯು ಸಾಲದೆಂಬ ಅಳುಕು ಅಲ್ಲಿನವರ ಮನಸ್ಸಿನಲ್ಲಿತ್ತು. ಲಬಾವ್ ಇದನ್ನು ಭಾಷಿಕ ಅಭದ್ರತೆ ಎಂದು ಕರೆದರು.

ಲಂಡನ್ನಿನಲ್ಲಿ ನಗೆಗೀಡಾದ ಧ್ವನಿಯೇ ನ್ಯೂಯಾರ್ಕಿನಲ್ಲಿ ಮಾನ ಪಡೆಯಿತು. ಹಾಗಾದರೆ ಮಾನಾಪಮಾನಗಳು ಗಾಳಿಯ ಕಂಪನದಲ್ಲಿಲ್ಲ, ಕೇಳುವವರ ಅಭ್ಯಾಸದಲ್ಲಿವೆ ಎಂದು ಸಿದ್ಧಪಟ್ಟಿತಲ್ಲವೆ? ಉಚ್ಚಾರಣೆಯತ್ತ ಗಮನವೇ ಬೇಡವೆಂದು ನಾವು ಹೇಳುತ್ತಿಲ್ಲ. ಹೇಳಿದ್ದು ಕೇಳುವವರಿಗೆ ತಿಳಿಯಬೇಕು, ಅದಕ್ಕಾಗಿ ಶ್ರಮಿಸುವುದು ಯೋಗ್ಯ. ಆದರೆ ತಿಳಿಯುವಂತೆ ಮಾತನಾಡುವುದು ಬೇರೆ, ತನ್ನ ನುಡಿಗಾಗಿ ತಲೆ ತಗ್ಗಿಸುವುದು ಬೇರೆ. ಕನ್ನಡಿಗರಾದ ನಾವು ‘ಕಾರ್’ ಎಂದು ರಕಾರವನ್ನು ಸ್ಪಷ್ಟವಾಗಿ ನುಡಿಯುವುದು ಅಪರಾಧವೇನೂ ಅಲ್ಲ. ನಾಳೆ ತರಗತಿಯಲ್ಲಿ ಉತ್ತರ ತಿಳಿದಿದ್ದರೆ ಎದ್ದು ನಿಂತು ಹೇಳಿರಿ. ಅಂಕ ದೊರೆಯುವುದು ಉತ್ತರಕ್ಕೆ, ರಕಾರಕ್ಕಲ್ಲ.