ಹೊಲಿಗೆ ಮಾಯುವ ತನಕದ ಊಟ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು ‘ಎಷ್ಟು ಕೆ.ಜಿ. ಇಳಿದಿದೆ?’ ಎಂದು. ಬೆಂಗಳೂರಿನಲ್ಲಿ ನನ್ನ ಅಕ್ಕನಿಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆದಾಗ ಅವಳ ಮನೆಯ ಅಡುಗೆ ನನ್ನ ಪಾಲಿಗೆ ಬಂತು. ಆ ವಾರಗಳಲ್ಲಿ ಒಲೆ ಮುಂದೆ ನಿಂತು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಮೊದಲ ತಿಂಗಳೊಪ್ಪತ್ತಿನ ಪಥ್ಯ ಇರುವುದು ಒಳಗಿನ ಗಾಯ ಮಾಯಲಿಕ್ಕೆ. ತೆಳ್ಳಗಾಗುವ ಮಾತು ಆಮೇಲಿನದು. ಇದು ಮನೆಮಂದಿಗೆ ಅರ್ಥವಾಗದಿದ್ದರೆ ಆಪರೇಷನ್ ಆದವರು ಎಷ್ಟೇ ಗಟ್ಟಿ ಮನಸ್ಸಿನವರಾದರೂ ಪಥ್ಯ ಉಳಿಯುವುದು ಕಷ್ಟ.

ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ಶೇ 80ರಷ್ಟು ಭಾಗವನ್ನು ಉದ್ದಕ್ಕೆ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಜಾಗದಲ್ಲಿ ಉಳಿಯುವುದು ನೂರು, ನೂರೈವತ್ತು ಮಿಲಿಲೀಟರ್ ಹಿಡಿಯುವ ಸಪೂರ ನಳಿಗೆ. ಕತ್ತರಿಸಿದ ಅಂಚಿನುದ್ದಕ್ಕೂ ಟೈಟಾನಿಯಂನ ಪುಟ್ಟ ಪಿನ್‌ಗಳ ಸಾಲು. ಹೊಟ್ಟೆಯ ಮೇಲೆ ಕಾಣುವುದು ನಾಲ್ಕೈದು ಚಿಕ್ಕ ಗಾಯ ಮಾತ್ರ. ಎರಡು ಮೂರು ದಿನಕ್ಕೇ ಮನೆಗೆ ಕಳಿಸುತ್ತಾರೆ. ಹಾಗಾಗಿ ನೋಡುವವರಿಗೆ ದೊಡ್ಡದೇನೂ ನಡೆದಿಲ್ಲ ಅನ್ನಿಸುತ್ತದೆ. ಆದರೆ ಆ ನಳಿಗೆಯ ಕೆಳಬಾಗಿಲು, ಅಂದರೆ ಪೈಲೋರಸ್ ಎಂಬ ಬಿಗಿಯಾದ ಸ್ನಾಯು, ಮೊದಲಿನ ಹಾಗೇ ಇರುತ್ತದೆ. ಅವಸರದಲ್ಲಿ ನುಂಗಿದ್ದು, ಗಟ್ಟಿಯಾಗಿದ್ದು, ಜಾಸ್ತಿಯಾಗಿದ್ದು ಕೆಳಗೆ ಇಳಿಯದೆ ಹಸಿ ಹೊಲಿಗೆಯ ಮೇಲೆ ಒತ್ತುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಆ ಸಾಲಿನಲ್ಲಿ ಸೋರಿಕೆ ಆಗುವುದುಂಟು. ಮನೆಗೆ ಬಂದು ವಾರ ಕಳೆದ ಮೇಲೂ ಅದು ಕಾಣಿಸಿಕೊಳ್ಳಬಹುದು. ಜ್ವರ, ಕೂತಲ್ಲೇ ಏರುವ ಎದೆಬಡಿತ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಎಡ ಭುಜದಲ್ಲಿ ನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ ಎಂದು ಡಾಕ್ಟರು ಭಾವನಿಗೆ ಬರೆದೇ ಕೊಟ್ಟಿದ್ದರು.

ಅಮ್ಮನಿಗೆ ಇದನ್ನು ಹೇಗೆ ವಿವರಿಸುವುದು ಎಂಬ ಚಿಂತೆ ಇತ್ತು. ‘ಬಾಣಂತಿ ಪಥ್ಯ ಇದ್ದ ಹಾಗೆ ಅಮ್ಮ, ಹಸಿ ಮೈ ಮಾಯೋವರೆಗೆ’ ಅಂದೆ. ಅಷ್ಟು ಸಾಕಾಯಿತು. ನಾಲ್ಕು ಬಾಣಂತನ ಮಾಡಿದ ಕೈ ಅವಳದು.

ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಹಂತಗಳಿದ್ದವು. ಮೊದಲ ಒಂದೆರಡು ದಿನ ತಿಳಿ ದ್ರವ. ಆಮೇಲೆ ಎರಡು ವಾರದ ತನಕ ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿಯಂಥ ದ್ರವಾಹಾರ. ಅನಂತರ ಎರಡು ವಾರ ನುಣ್ಣಗೆ ರುಬ್ಬಿದ್ದು, ಅದಾದ ಮೇಲೆ ಎರಡು ವಾರ ಮೆತ್ತಗಿನದು. ಒಂದೊಂದು ಆಸ್ಪತ್ರೆಯ ಲೆಕ್ಕದಲ್ಲಿ ಕೆಲವು ದಿನ ಹೆಚ್ಚುಕಮ್ಮಿ ಇರುತ್ತದೆ. ನಮ್ಮ ಡಾಕ್ಟರು ಹೇಳಿದ ಹಂತವನ್ನು ಪಕ್ಕದ ಮನೆಯವರ ಹಂತದ ಜೊತೆ ಹೋಲಿಸಬಾರದು, ಅಷ್ಟೇ. ಅಕ್ಕನಿಗೆ ಆಪರೇಷನ್‌ಗೆ ಮೊದಲೂ ಎರಡು ವಾರ ಕಡಿಮೆ ಕ್ಯಾಲರಿಯ ದ್ರವಾಹಾರ ಕೊಟ್ಟಿದ್ದರು. ಕೊಬ್ಬು ತುಂಬಿ ಊದಿದ ಯಕೃತ್ತು ಇದರಿಂದ ಕುಗ್ಗುತ್ತದೆ, ಅದರಡಿಯ ಜಠರವನ್ನು ತಲುಪಲು ಸರ್ಜನ್‌ಗೆ ದಾರಿ ಸಲೀಸಾಗುತ್ತದೆ. ಆ ಎರಡು ವಾರ ನಮ್ಮ ಅಡುಗೆಮನೆಗೂ ಒಳ್ಳೆಯ ತಾಲೀಮು. ಯಾವ ಸಾರು ಅವಳಿಗೆ ಹಿಡಿಸುತ್ತದೆ, ಯಾವ ಪುಡಿಯ ವಾಸನೆಗೆ ಮುಖ ತಿರುಗಿಸುತ್ತಾಳೆ ಎಂಬುದೆಲ್ಲ ಮೊದಲೇ ತಿಳಿಯಿತು.

ಕುಡಿಯುವುದು ಇಷ್ಟು ಕಷ್ಟದ ಕೆಲಸ ಎಂದು ಯಾರೂ ಎಣಿಸಿರಲಿಲ್ಲ. ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಬೇಕು, ಆದರೆ ಒಂದು ಸಲಕ್ಕೆ 30 ಮಿಲಿಲೀಟರ್ ಮಾತ್ರ, ಅದೂ ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ. ಚೊಂಬೆತ್ತಿ ಗಟಗಟ ಕುಡಿದು ಅಭ್ಯಾಸವಾದವಳಿಗೆ ಇದು ಉಪವಾಸಕ್ಕಿಂತ ಕಷ್ಟವಾಯಿತು. ಕೆಮ್ಮಿನ ಔಷಧಿಯ ಬಾಟಲಿ ಜೊತೆ ಬರುವ ಅಳತೆ ಲೋಟಗಳನ್ನು ಭಾವ ತೊಳೆದು ಸಾಲಾಗಿ ಜೋಡಿಸಿಟ್ಟರು. ಅವಳ ಮೊಬೈಲಿನಲ್ಲಿ ಅಲಾರಂ ಇಟ್ಟರು. ಸ್ಟ್ರಾ ಬೇಡ, ಗಾಳಿ ಸೇರುತ್ತದೆ. ಸೋಡಾ ಬೇಡವೇ ಬೇಡ. ಈ ಆಪರೇಷನ್ ಆದವರು ಮೊದಲ ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರುವ ಸಾಮಾನ್ಯ ಕಾರಣಗಳಲ್ಲಿ ಒಂದು ನೀರಿನಂಶದ ಕೊರತೆ. ತಲೆಸುತ್ತು, ವಾಕರಿಕೆ ಬಂದಾಗ ‘ಊಟ ಇಲ್ಲದೆ ಸುಸ್ತಾಗಿದೆ’ ಎಂದು ತಿನ್ನಿಸಲು ಹೋಗುವ ಮುಂಚೆ ಮೂತ್ರದ ಬಣ್ಣ ನೋಡಬೇಕು. ಕಡು ಹಳದಿಯಾಗಿದ್ದರೆ ಅವಳಿಗೆ ಬೇಕಿರುವುದು ನೀರು.

ಪಥ್ಯದ ಮೊದಲ ತಗಾದೆ ಶುರುವಾದದ್ದು ರಾಗಿ ಗಂಜಿಯಿಂದ.

‘ಏನೂ ತಿಂತಿಲ್ಲ ಮಗು, ಒಂದು ಲೋಟ ರಾಗಿ ಗಂಜಿನಾದ್ರೂ ಕುಡೀಲಿ, ಶಕ್ತಿ ಬರತ್ತೆ’ ಎಂದು ಅಮ್ಮ ಹಟ ಹಿಡಿದಳು. ರಾಗಿ ನಮ್ಮ ಸೀಮೆಯ ಜೀವ, ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ಗಾಯ ಮಾಯಲು ಬೇಕಾದದ್ದು ಪ್ರೋಟೀನ್. ಡಯೆಟಿಷಿಯನ್ ಹಾಕಿಕೊಟ್ಟ ಗುರಿ ದಿನಕ್ಕೆ 60 ಗ್ರಾಂ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದೇ ಸುಮಾರು 7 ಗ್ರಾಂ. ಒಂದು ಲೋಟ ಗಂಜಿಗೆ ಬೀಳುವುದು ಎರಡು ಚಮಚ ಹಿಟ್ಟು, ಅಂದರೆ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಗೇಣು ಜಾಗವೂ ಇಲ್ಲದ ಹೊಟ್ಟೆಯನ್ನು ಗಂಜಿ ತುಂಬಿಬಿಟ್ಟರೆ ಪ್ರೋಟೀನ್‌ಗೆ ಎಡೆ ಎಲ್ಲಿ? ಎಳನೀರು, ಹಣ್ಣಿನ ರಸ, ಬಾದಾಮಿ ಹಾಲು ಇವುಗಳ ಕತೆಯೂ ಇಷ್ಟೇ. ಸಲೀಸಾಗಿ ಇಳಿಯುತ್ತವೆ, ಸಕ್ಕರೆಯನ್ನು ಕೊಡುತ್ತವೆ. ಬೈಪಾಸ್ ಮಾದರಿಯ ಆಪರೇಷನ್ ಆದವರಿಗಂತೂ ಸಿಹಿ ಕುಡಿದ ಸ್ವಲ್ಪ ಹೊತ್ತಿಗೆ ಬೆವರು, ಎದೆಬಡಿತ, ಭೇದಿ ಕಾಡುವ ಡಂಪಿಂಗ್ ತೊಂದರೆಯೂ ಬರಬಹುದು.

ಹಾಗಾದರೆ 60 ಗ್ರಾಂ ಎಲ್ಲಿಂದ? ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ. ವೇ ಪ್ರೋಟೀನ್ ಪುಡಿ ಒಂದು ಅಳತೆಗೆ 20ರಿಂದ 25 ಗ್ರಾಂ, ಅದನ್ನು ದಿನವಿಡೀ ಹಂಚಿ ಕೊಡಬೇಕು. ಬೇಳೆ ಕಟ್ಟು, ಹುರುಳಿ ಕಟ್ಟು ಬಾಯಿಗೆ ರುಚಿ ಕೊಡುತ್ತವೆ, ಉಪ್ಪು ನೀರು ಒದಗಿಸುತ್ತವೆ. ಆದರೆ ಬೇಳೆಯನ್ನು ಸೋಸಿ ತೆಗೆದ ಮೇಲೆ ಕಟ್ಟಿನಲ್ಲಿ ಪ್ರೋಟೀನ್ ಉಳಿಯುವುದು ತೀರ ಕಡಿಮೆ. ಸಸ್ಯಾಹಾರಿ ಮನೆಯಲ್ಲಿ ಈ ಹಂತದಲ್ಲಿ ಪುಡಿಯನ್ನು ಬಿಟ್ಟು ಗುರಿ ಮುಟ್ಟುವುದು ನನ್ನ ಲೆಕ್ಕದಲ್ಲಿ ಆಗದ ಮಾತು. ರುಬ್ಬಿದ ಆಹಾರದ ಹಂತಕ್ಕೆ ಬಂದ ಮೇಲೆ ಹೆಸರುಬೇಳೆ ತೊವ್ವೆ, ಮೊಸರಿನಲ್ಲಿ ಅರೆದ ಮೆತ್ತನೆಯ ಪನೀರ್ ದಾರಿ ತೆರೆದವು. ಐವತ್ತು ಗ್ರಾಂ ಪನೀರಿನಲ್ಲಿ ಹತ್ತಿರ ಹತ್ತಿರ 9 ಗ್ರಾಂ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ 6 ಗ್ರಾಂ, ಅದು ಇನ್ನೂ ಸುಲಭ.

ಹೊಟ್ಟೆಯ ಹಸಿವು ಅಕ್ಕನನ್ನು ಅಷ್ಟಾಗಿ ಕಾಡಲಿಲ್ಲ. ಅದಕ್ಕೆ ಕಾರಣವಿದೆ. 1999ರಲ್ಲಿ ಜಪಾನಿನ ಮಸಾಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಗ್ರೆಲಿನ್ ಎಂಬ ಹಾರ್ಮೋನನ್ನು ಪತ್ತೆಹಚ್ಚಿದರು. ಹಸಿವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಹಾರ್ಮೋನ್ ಅದು, ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದು ಬಹುಪಾಲು ಅದೇ ಭಾಗವನ್ನು. ಆದರೆ ಸಂಜೆ ಐದಕ್ಕೆ ಇಂಗು ಸಾಸಿವೆಯ ಒಗ್ಗರಣೆ ಸಿಡಿದಾಗ ಎದ್ದು ಕೂರುವ ಹಸಿವನ್ನು ಯಾವ ಸರ್ಜನ್‌ನೂ ಕತ್ತರಿಸಲಾರ. ಅದು ವರ್ಷಾನುಗಟ್ಟಲೆ ರೂಢಿಯಾದದ್ದು. ಇಲ್ಲಿ ಬದಲಾಗಬೇಕಾದವರು ಮನೆಯವರು. ಅಕ್ಕನ ಮಗ ತಾನಾಗಿಯೇ ಚಿಪ್ಸ್ ಪೊಟ್ಟಣವನ್ನು ಕಾಲೇಜಿನಲ್ಲೇ ಮುಗಿಸಿ ಬರತೊಡಗಿದ. ಕರಿಯುವ ಬಾಣಲೆ ಅಟ್ಟ ಸೇರಿತು. ಊಟದ ಹೊತ್ತಿಗೆ ಅವಳನ್ನು ಒಬ್ಬಳನ್ನೇ ಕೋಣೆಯಲ್ಲಿ ಬಿಡದೆ, ಎಲ್ಲರೂ ಉಂಡ ಮೇಲೆ ಭಾವ ಅವಳ ಜೊತೆ ಟೆರೇಸಿನಲ್ಲಿ ನಡೆಯಲು ಹೋಗುತ್ತಿದ್ದರು.

ನೆಂಟರದು ಬೇರೆಯೇ ಪರೀಕ್ಷೆ. ನಾಮಕರಣದ ಮನೆಯಿಂದ ಡಬ್ಬಿ ತಂದ ದೊಡ್ಡಮ್ಮ, ‘ಒಂದು ಚೂರು ಒಬ್ಬಟ್ಟು ತಿಂದ್ರೆ ಏನಾಗತ್ತೆ, ಬಾಯಿ ಕೆಟ್ಟಿರತ್ತೆ ಪಾಪ’ ಅಂದರು. ಅದರಲ್ಲಿ ಪ್ರೀತಿ ಬಿಟ್ಟರೆ ಇನ್ನೇನೂ ಇರಲಿಲ್ಲ, ಅದಕ್ಕೇ ಬೇಡ ಅನ್ನುವುದು ಕಷ್ಟ. ಅಕ್ಕ, ‘ಒಳಗೆ ಹೊಲಿಗೆ ಹಸಿ ಇದೆ ದೊಡ್ಡಮ್ಮ, ಡಾಕ್ಟ್ರು ಹೂಂ ಅಂದ ದಿನ ನಿಮ್ಮನೇಗೇ ಬಂದು ತಿಂತೀನಿ’ ಅಂದಳು. ‘ಡಯೆಟ್’ ಅಂದಿದ್ದರೆ ಅವರು ಇನ್ನೊಂದು ಚೂರು ಮುರಿದು ಕೊಡುತ್ತಿದ್ದರು. ಹೊಲಿಗೆ ಅಂದ ಕೂಡಲೇ ಡಬ್ಬಿ ಮುಚ್ಚಿದರು.

ಆಸ್ಪತ್ರೆಯಲ್ಲಿ ಪರಿಚಯವಾದ ಇನ್ನೊಬ್ಬ ಹೆಂಗಸಿಗೆ ಈ ಆಸರೆ ಸಿಗಲಿಲ್ಲ. ದ್ರವಾಹಾರದ ಹಂತದಲ್ಲೇ ಮನೆಯವರ ಒತ್ತಾಯಕ್ಕೆ ಇಡ್ಲಿ ತಿಂದರು, ಅನ್ನ ಕಲಸಿ ತಿಂದರು. ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗಿ ವಾಂತಿ. ‘ಆಪರೇಷನ್ ಆದವರಿಗೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾದರು. ವಾಂತಿ ದಿನಗಟ್ಟಲೆ ನಿಲ್ಲಲಿಲ್ಲ. ಇದರ ಅಪಾಯ ಹೊಲಿಗೆಗೆ ಮಾತ್ರ ಅಲ್ಲ. ಬಿ1 ವಿಟಮಿನ್, ಅಂದರೆ ಥಯಮಿನ್, ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ ಇರುತ್ತದೆ. ಊಟವೂ ಇಲ್ಲದೆ ವಾಂತಿಯೂ ಸೇರಿದರೆ ಅದು ಬೇಗ ಬರಿದಾಗಿ, ನಡಿಗೆ ತೂರಾಡುವುದು, ಕಣ್ಣು ಎರಡೆರಡು ಕಾಣುವುದು, ಮಾತು ಗೊಂದಲವಾಗುವುದು ಶುರುವಾಗುತ್ತದೆ. ವೆರ್ನಿಕೆ ಎನ್ಸೆಫಲೋಪತಿ ಎನ್ನುವ ಈ ಸ್ಥಿತಿಯಲ್ಲಿ ತಡಮಾಡಿದರೆ ಮೆದುಳಿಗೆ ಆದ ಪೆಟ್ಟು ಉಳಿದುಬಿಡಬಹುದು. ಸುಸ್ತಿಗೆಂದು ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಂಡರೆ ಉಳಿದಷ್ಟು ಥಯಮಿನ್ ಕೂಡ ಖರ್ಚಾಗುತ್ತದೆ. ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಎಲ್ಲಿಗೆ ಹೋದರೂ ‘ನನಗೆ ಸ್ಲೀವ್ ಆಗಿದೆ’ ಎಂದು ಮೊದಲೇ ಹೇಳಬೇಕಾದದ್ದು ಇದಕ್ಕೇ. ಆಕೆಯ ಮಗಳು ಕೊನೆಗೆ ಹಟ ಮಾಡಿ ಆಸ್ಪತ್ರೆಗೆ ಕರೆತಂದಳು, ಚೇತರಿಸಿಕೊಂಡರು.

ಮೂರನೇ ವಾರದ ಹೊತ್ತಿಗೆ ಅಕ್ಕನ ತೂಕ ಇದ್ದಲ್ಲೇ ನಿಂತಿತು. ಬಹಳ ಜನಕ್ಕೆ ಹೀಗಾಗುತ್ತದೆ. ಮೊದಲು ಸರಸರ ಇಳಿಯುವುದರಲ್ಲಿ ಮೈ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ಮತ್ತು ಅದು ಹಿಡಿದಿಟ್ಟ ನೀರಿನ ಪಾಲು ದೊಡ್ಡದು. ಆಮೇಲೆ ದೇಹ ಸ್ವಲ್ಪ ನೀರನ್ನು ಮರಳಿ ಹಿಡಿದುಕೊಳ್ಳುತ್ತದೆ. ಪಥ್ಯ ಬಿಡುವ ಮನಸ್ಸಾಗುವುದು ಹೆಚ್ಚಾಗಿ ಇದೇ ಹೊತ್ತಿನಲ್ಲಿ. ಡಯೆಟಿಷಿಯನ್ ಸಲಹೆಯಂತೆ ತೂಕದ ಯಂತ್ರವನ್ನು ಬೀರುವಿನೊಳಗಿಟ್ಟೆವು.

ಮೆತ್ತನೆಯ ಆಹಾರ ಬಂದಾಗ ಕಲಿಯಬೇಕಾದದ್ದು ತಿನ್ನುವ ಕ್ರಮ. ಪುಟ್ಟ ಬಟ್ಟಲು, ಟೀ ಚಮಚ, ಒಂದು ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ. ಮೊದಲು ಪ್ರೋಟೀನ್, ಆಮೇಲೆ ತರಕಾರಿ. ಊಟದ ಜೊತೆ ನೀರಿಲ್ಲ, ಉಂಡು ಅರ್ಧ ಗಂಟೆಯಾದ ಮೇಲೆ. ಅನ್ನ ಮೆತ್ತಗಿದ್ದರೂ ಅಂಟಂಟಾಗಿ ಕೂತುಬಿಡುತ್ತದೆ, ಚಪಾತಿ, ದೋಸೆ, ಬ್ರೆಡ್ ಕೂಡ ಹಾಗೇ. ಅವು ಎಲ್ಲಕ್ಕಿಂತ ಕೊನೆಗೆ ಬಂದವು. ಅನ್ನವಿಲ್ಲದ ಊಟವನ್ನು ಊಟ ಅನ್ನಲು ಅಮ್ಮನಿಗೆ ಬಹಳ ಕಾಲ ಹಿಡಿಯಿತು.

ಮಾತ್ರೆಗಳು ಪಥ್ಯದ ಭಾಗವೇ. ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ ಜೀವನಪೂರ್ತಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ. ಬೇಗ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಇರುವುದರಿಂದ ಅದಕ್ಕೂ ಆರು ತಿಂಗಳ ಮಾತ್ರೆ ಬರೆದಿದ್ದರು. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಹಾಗಿಲ್ಲ, ಅವುಗಳಲ್ಲಿ ಎಷ್ಟೋ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ.

ಕರ್ನಾಟಕದಲ್ಲಿ ವಯಸ್ಕರಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಮೂವರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5 ಬಿಎಂಐನಿಂದಲೇ ಈ ಆಪರೇಷನ್ ಪರಿಗಣಿಸಬಹುದು ಎನ್ನುತ್ತದೆ. ಇನ್ನೂ ಎಷ್ಟೋ ಅಡುಗೆಮನೆಗಳಿಗೆ ಈ ಹಾಳೆ ಬರಲಿದೆ.

ಅಕ್ಕನ ಆಫೀಸಿನವರೊಬ್ಬರಿಗೂ ಇದೇ ಆಪರೇಷನ್ ನಿಗದಿಯಾಗಿದೆ. ಏನೇನು ತಂದಿಟ್ಟುಕೊಳ್ಳಲಿ ಎಂದು ಕೇಳಿದರು. ಪ್ರೋಟೀನ್ ಪುಡಿಯ ದೊಡ್ಡ ಡಬ್ಬ ಬೇಡ, ಆಪರೇಷನ್ ಆದ ಮೇಲೆ ರುಚಿ ಬದಲಾಗಬಹುದು, ಸಣ್ಣ ಪೊಟ್ಟಣಗಳನ್ನೇ ತನ್ನಿ ಎಂದಳು. ಸಣ್ಣ ಕಣ್ಣಿನ ಜರಡಿ ತನ್ನಿ ಎಂದಳು. ಡಯೆಟಿಷಿಯನ್ ಹತ್ತಿರ ಹೋಗುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ ಎಂದು ಎರಡೆರಡು ಸಲ ಹೇಳಿದಳು. ಆಕೆ ಅತ್ತೆಯನ್ನು ಕರೆದುಕೊಂಡು ಹೋದರಂತೆ. ಅತ್ತೆ ಕೇಳಿದ ಮೊದಲ ಪ್ರಶ್ನೆ, ಹುರುಳಿ ಕಟ್ಟಿನ ಸಾರು ಯಾವತ್ತಿನಿಂದ ಕೊಡಬಹುದು, ಖಾರ ಎಷ್ಟು ಇಳಿಸಬೇಕು ಎಂಬುದು.